ಅವತ್ತು ನಾನು ಬಿಚ್ಚಿದ ದಾರ

ನನ್ನನ್ನು ಬೇಡವೆಂದು ಹೇಳಿ ಕಳಿಸಿದ ಅತ್ತೆಯವರಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳುವಷ್ಟು ಸಲಿಗೆ ನಮ್ಮಿಬ್ಬರ ನಡುವೆ ಬೆಳೆಯಲೇ ಇಲ್ಲ. ನಾವು ಮುಖಾಮುಖಿ ಕೂತದ್ದು ಒಂದೇ ಸಲ, ಅದೂ ಒಂದು ಮಧ್ಯಾಹ್ನದ ಮಟ್ಟಿಗೆ. ಅಷ್ಟರಲ್ಲಿ ನೀವು ನನ್ನ ವಿಷಯ ತೀರ್ಮಾನ ಮಾಡಿ ಎದ್ದು ಹೋದಿರಿ. ಆರು ತಿಂಗಳಿಗೆ ಈ ಲೋಕದಿಂದಲೇ ಎದ್ದು ಹೋದಿರಿ. ನನಗೆ ಒಂದು ಮಾತು ಆಡಲು ಅವಕಾಶ ಕೊಟ್ಟಿರಾ? ಇಲ್ಲ. ಅದಕ್ಕೇ ಈ ಕಾಗದ. ಇವತ್ತು ನಾನು ಆಡುತ್ತೇನೆ, ನೀವು ಕೇಳಬೇಕು. ನಡುವೆ ಎದ್ದು ಹೋಗುವ ಹಾಗಿಲ್ಲ.

ನಾನೀಗ ಎಲ್ಲಿ ಕೂತು ಬರೆಯುತ್ತಿದ್ದೇನೆ ಗೊತ್ತೆ? ಪಾವಗಡದ ನಿಮ್ಮ ಮನೆಯಲ್ಲಿ, ನಿಮ್ಮ ಅಡಿಗೆಮನೆಯಲ್ಲಿ, ನಿಮ್ಮ ಒರಳುಕಲ್ಲಿನ ಪಕ್ಕ ಮಣೆ ಹಾಕಿಕೊಂಡು. ಮಸಿ ಕೂಡ ನಿಮ್ಮ ಮಗನದೇ. ಹೌದು, ಮದುವೆಯಾಗಿ ಮೂರು ತಿಂಗಳಾಯಿತು. ಅವರ ಹೆಸರು ಬರೆಯಲು ನಾಚಿಕೆ, ಇವರು ಎನ್ನುತ್ತೇನೆ. ಅತ್ತೆ, ಇವರು ಎಷ್ಟು ಒಳ್ಳೆಯವರು! ಸರ್ವೆ ಇಲಾಖೆಯ ಸರಪಳಿ ಎಳೆದುಕೊಂಡು ಊರೂರು ಬಿಸಿಲಲ್ಲಿ ಅಲೆದು, ಮೊಣಕಾಲಿನವರೆಗೂ ಧೂಳು ಮೆತ್ತಿಸಿಕೊಂಡು ಬರುತ್ತಾರೆ. ಬಂದವರು ಜೇಬಿನಿಂದ ಒಂದು ಹಿಡಿ ಎಲಚಿ ಹಣ್ಣು ತೆಗೆದು, ಯಾರಿಗೋ ತಂದದ್ದು ಇಲ್ಲಿ ಮರೆತೆ ಎನ್ನುವ ಹಾಗೆ ನನ್ನ ಮೊರದಲ್ಲಿಟ್ಟು ಹೋಗುತ್ತಾರೆ. ನಕ್ಕರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಬಾಯಿ ನಗುತ್ತದೆ. ಇಂಥ ಮಗನನ್ನು ಹೆತ್ತದ್ದಕ್ಕೆ ನಿಮ್ಮ ಕಾಲಿಗೆ ಬೀಳೋಣ ಅನ್ನಿಸುತ್ತದೆ. ಮರುಕ್ಷಣವೇ, ಇವರನ್ನು ನನ್ನಿಂದ ತಪ್ಪಿಸಲು ನೋಡಿದವರು ನೀವೇ ಎಂದು ನೆನಪಾಗಿ ಹಲ್ಲು ಕಡಿಯುತ್ತೇನೆ.

ನೀವು ನನ್ನನ್ನು ನೋಡಲು ಕೊರಟಗೆರೆಗೆ ಬಂದ ದಿನ ನೆನಪಿದೆಯೆ? ಯುದ್ಧದ ಕಾಲ. ಪೆಟ್ರೋಲು ಇಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಮಧುಗಿರಿಯ ಏರಿನಲ್ಲಿ ನಿಂತು, ಗಂಡಸರೆಲ್ಲ ಇಳಿದು ನೂಕಿ, ನೀವು ಬರುವಾಗ ಊಟದ ಹೊತ್ತು ಮೀರಿತ್ತು. ನಿಮ್ಮ ಸೀರೆಯ ಅಂಚಿಗೆ ಮಸಿ ಹತ್ತಿತ್ತು. ರೇಷನ್ ಸಕ್ಕರೆಯನ್ನು ಒಂದು ತಿಂಗಳು ಮುಟ್ಟದೆ ಕೂಡಿಟ್ಟು ನಮ್ಮಮ್ಮ ನಿಮಗೆ ಕೇಸರಿಬಾತು ಮಾಡಿದ್ದರು. ನಾನು ತುಮಕೂರಿನ ಬೋರ್ಡಿಂಗಿನಲ್ಲಿ ಎಂಟು ವರ್ಷ ಇಂಗ್ಲಿಷಿನಲ್ಲಿ ಓದಿ ಬಂದವಳು. ಬಾಯಿ ತಪ್ಪಿ ಕೂಡ ಇಂಗ್ಲಿಷ್ ಆಡಬಾರದು, ಹಲ್ಲು ಕಾಣಿಸಿ ನಗಬಾರದು ಎಂದು ಎರಡು ಅಪ್ಪಣೆಗಳಾಗಿದ್ದವು. ಹಾಡಲು ಒಂದು ಹಾಡು ಉರು ಹೊಡೆದಿದ್ದೆ. ನೀವು ಹಾಡು ಅನ್ನಲಿಲ್ಲ. ಅಡಿಗೆ ಬರುತ್ತದೆಯೆ ಎಂದು ಕೇಳಲಿಲ್ಲ. ನಡೆದು ತೋರಿಸು ಅನ್ನಲಿಲ್ಲ. ಸೊಂಟದ ಎಲೆಯಡಿಕೆ ಚೀಲಕ್ಕೆ ಕೈ ಹಾಕಿ, ತುದಿಗೆ ತುದಿ ಗಂಟು ಹಾಕಿದ ಒಂದು ಬಿಳಿಯ ಹತ್ತಿ ದಾರ ತೆಗೆದಿರಿ.

"ಬಾರಮ್ಮ, ಹತ್ರ ಕೂತ್ಕ. ಈ ಆಟ ಬತ್ತದಾ ನಿಂಗೆ?"

ಬರುತ್ತದೆಯೆ! ಆ ದಾರ ಕಂಡು ನನಗಾದ ಖುಷಿ ನಿಮಗೆ ಹೇಗೆ ಗೊತ್ತಾಗಬೇಕು? ಬೋರ್ಡಿಂಗಿನಲ್ಲಿ ಮಳೆ ಬಂದು ಬಯಲಿನ ಆಟ ನಿಂತರೆ ಮಿಸ್ ನಮ್ಮನ್ನು ಎರಡು ಸಾಲು ಕೂರಿಸಿ ಇದೇ ಆಟ ಆಡಿಸುತ್ತಿದ್ದರು. ಒಬ್ಬಳು ಬೆರಳಿಗೆ ದಾರ ಸುತ್ತಿ ತೊಟ್ಟಿಲು ಕಟ್ಟಬೇಕು, ಎದುರಿನವಳು ಅದನ್ನು ತನ್ನ ಬೆರಳಿಗೆ ತೆಗೆದುಕೊಂಡು ಇನ್ನೊಂದು ಆಕಾರ ಮಾಡಬೇಕು, ಹೀಗೆ ಕೈಯಿಂದ ಕೈಗೆ. ಕೊನೆಗೆ ಯಾರು ಎರಡೇ ಎಳೆ ಹಿಡಿದು ಒಂದೇ ಎಳೆತಕ್ಕೆ ಗಂಟಿಲ್ಲದೆ ಇಡೀ ದಾರವನ್ನು ಬಿಚ್ಚುತ್ತಾರೋ ಅವರು ಗೆದ್ದ ಹಾಗೆ. ಹಾಗೆ ಬಿಚ್ಚುವುದು ಎಲ್ಲರಿಗೂ ಬರುತ್ತಿರಲಿಲ್ಲ. ನಮ್ಮ ಬೋರ್ಡಿಂಗಿನಲ್ಲಿ ನಾನೇ ಮೊದಲು.

ನಿಮ್ಮ ಮುಖ ನನಗೆ ಸರಿಯಾಗಿ ನೆನಪಿಲ್ಲ, ತಗ್ಗಿಸಿದ ತಲೆ ಎತ್ತುವ ಹಾಗಿರಲಿಲ್ಲವಲ್ಲ. ನೆನಪಿರುವುದು ಕೈ. ಮಣಿಕಟ್ಟಿನ ಮೇಲೆ ಹಸಿರು ಹಚ್ಚೆ, ಕಡ್ಲೆಕಾಯಿ ಸುಲಿದು ಸುಲಿದು ಸವೆದ ಹೆಬ್ಬೆರಳಿನ ಉಗುರು. ನೀವು ತೊಟ್ಟಿಲು ಕಟ್ಟಿದಿರಿ, ನಾನು ತೆಗೆದುಕೊಂಡೆ. "ಇದು ಮಂಚ" ಅಂದಿರಿ. ನೀವು ತೆಗೆದುಕೊಂಡಾಗ ನಾಲ್ಕು ಎಳೆ ನೆಟ್ಟಗೆ ನಿಂತವು. "ಇದು ಬಿತ್ತಿದ ಸಾಲು." ಮತ್ತೆ ನಾನು ತೆಗೆದೆ. "ಇದು ಗ್ವಾದ್ಲಿ ಕಣಮ್ಮ, ದನಕ್ಕೆ ಮೇವು ಹಾಕಾದು." ಅತ್ತ ಗಂಡಸರು ಯುದ್ಧದ ಮಾತಾಡುತ್ತಿದ್ದರು. ಕಂಬದ ಹತ್ತಿರ ತಮ್ಮ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ ಒಬ್ಬರು ಒಂದೇ ಒಂದು ಸಲ ತಲೆ ಎತ್ತಿದರು, ನಾನೂ ಎತ್ತಿದೆ. ಅವರ ಎರಡು ಕಿವಿಯೂ ದಾಸವಾಳದ ಹಾಗೆ ಕೆಂಪಾದವು. ಅಲ್ಲಿಗೆ ನನ್ನ ಕಥೆ ಮುಗಿಯಿತು, ಅತ್ತೆ. ಈ ಮನೆಗೆ ಹೋಗಲೇಬೇಕು, ಈ ಹೆಂಗಸು ನನ್ನನ್ನು ಜಾಣೆ ಅನ್ನಲೇಬೇಕು ಎಂಬ ಹುಮ್ಮಸ್ಸಿನಲ್ಲಿ, ದಾರ ಇನ್ನೊಮ್ಮೆ ನಿಮ್ಮ ಕೈಗೆ ಹೋದದ್ದೇ ತಡ, ಎರಡು ಕಿರುಬೆರಳಿಗೆ ನಡುವಿನ ಎರಡು ಎಳೆ ಸಿಕ್ಕಿಸಿ ಒಂದೇ ಎಳೆತ! ಇಡೀ ಆಕಾರ ಸರ್ರನೆ ಬಿಚ್ಚಿಕೊಂಡು ಬರೀ ದಾರವಾಯಿತು. ಎರಡನೆಯ ಅಪ್ಪಣೆ ಮರೆತು ನಕ್ಕುಬಿಟ್ಟೆ. ಚಪ್ಪಾಳೆ ಕೂಡ ತಟ್ಟಿದೆ.

ನೀವು ನನ್ನ ಮುಖ ನೋಡಿದಿರಿ. ಬಹಳ ಹೊತ್ತು ನೋಡಿದಿರಿ. ಮೆಚ್ಚಿದಿರಿ ಅಂದುಕೊಂಡೆ, ಎಂಥ ಪೆದ್ದಿ ನಾನು. ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಚೀಲಕ್ಕೆ ಹಾಕಿ, "ಆಯ್ತು ಕಣಮ್ಮ, ಚೆನ್ನಾಗಿರು" ಎಂದು ನನ್ನ ಕೆನ್ನೆ ಮುಟ್ಟಿ ಎದ್ದಿರಿ. ಅರ್ಧ ಕೇಸರಿಬಾತು ಎಲೆಯಲ್ಲೇ ಉಳಿದಿತ್ತು.

ಎಂಟು ದಿನಕ್ಕೆ ಸುದ್ದಿ ಬಂತು. "ಹುಡುಗಿಯಲ್ಲಿ ಏನೂ ಕೊರತೆಯಿಲ್ಲ. ನಮಗೇ ಈ ಸಂಬಂಧ ಬೇಡ." ಇಷ್ಟೇ. ಈ ಎರಡು ಸಾಲು ನಮ್ಮ ಮನೆಯಲ್ಲಿ ಏನು ಮಾಡಿತೆಂದು ನಿಮಗೆ ಗೊತ್ತೆ? ಅಪ್ಪ ಎರಡು ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ನನಗೆ ಕೇಳಿಸುವ ಹಾಗೇ ಮಾತಾಡಿಕೊಂಡರು, "ಇಂಗ್ಲೀಸು ಓದ್ಸಿದ್ರೆ ಇಂಗೇಯ. ಬಂದೋರು ಬಂದಂಗೆ ವೊಂಟೋದ್ರಂತೆ." ಅಮ್ಮನಂತೂ ಎಲ್ಲವನ್ನೂ ನನ್ನ ಚಪ್ಪಾಳೆಗೆ ಕಟ್ಟಿದರು.

"ಅತ್ತೆ ಆಗೋಳ ಮುಂದೆ ಚಪ್ಪಾಳೆ ತಟ್ತಾರೇನೇ? ಕಿಸಕ್ಕಂತ ನಗಬ್ಯಾಡ ಅಂತ ಎಷ್ಟು ಬಡ್ಕಂಡೆ ನಿಂಗೆ?"

ಆ ದಿನ ಬೋರ್ಡಿಂಗಿನಿಂದ ತಂದಿದ್ದ ನನ್ನ ದಾರವನ್ನು ಒಲೆಗೆ ಹಾಕಿದೆ. ಬೆಂಕಿಯಲ್ಲಿ ಅದು ಹುಳುವಿನ ಹಾಗೆ ಸುತ್ತಿಕೊಂಡಿತು. ನನ್ನ ಕಣ್ಣಿಗೆ ಕಂಡದ್ದು ನಿಮ್ಮ ಬೆರಳು. ನೀವು ಜ್ವರ ಬಂದು ತೀರಿಕೊಂಡಿರಿ ಎಂದು ಕೇಳಿದಾಗ ಮನೆಯಲ್ಲಿ ಎಲ್ಲರೂ ಅಯ್ಯೋ ಅಂದರು. ನಾನು ಅನ್ನಲಿಲ್ಲ. ತಪ್ಪೆಂದು ಆಗಲೂ ಗೊತ್ತಿತ್ತು. ಆದರೂ ಬಾಯಿಗೆ ಬರಲಿಲ್ಲ, ಏನು ಮಾಡಲಿ?

ಮುಂದಿನ ವರ್ಷ ಕೆರೆಯಂಗಳ ಅಳೆಯಲು ಸರ್ವೆಯವರು ಬಂದಿದ್ದಾರೆ, ಬಿಸಿಲು ಜಾಸ್ತಿ, ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಬಾ ಎಂದು ಅಪ್ಪ ಕೂಗಿದರು. ತಂದೆ. ನೋಡಿದರೆ ಜಗಲಿಯ ಮೇಲೆ ಅದೇ ಎರಡು ಕೆಂಪು ಕಿವಿ! ಚೊಂಬು ನನ್ನ ಕೈಯಿಂದ ಅವರ ಕೈಗೆ ಹೋಗುವಷ್ಟರಲ್ಲಿ ಅರ್ಧ ಮಜ್ಜಿಗೆ ಜಗಲಿ ಕುಡಿದಿತ್ತು. ಹದಿನೈದು ದಿನಕ್ಕೆ ಮಾವನವರು ಹೇಳಿ ಕಳಿಸಿದರು. "ಬ್ಯಾಡ ಅಂದೋರೇ ಈಗ ಕೇಳ್ತಾವ್ರೆ, ಏನನ್ನಾನವ್ವಾ?" ಎಂದು ಅಪ್ಪ ಬಾಯಿ ಮುಚ್ಚುವ ಮೊದಲೇ ನಾನು ಹೂಂ ಅಂದೆ. ಅಡ್ಡ ನಿಂತಿದ್ದವರು ಹೋದರು, ದಾರಿಯಾಯಿತು ಎಂದುಕೊಂಡೆ. ನಿಮ್ಮನ್ನು ನಾನು ನೆನೆದದ್ದು ಹಾಗೆ. ಮುಚ್ಚಿಡುವುದಿಲ್ಲ.

ಆದರೆ ನೀವು ಎಲ್ಲಿ ಹೋಗಿದ್ದಿರಿ? ಈ ಮನೆಗೆ ಕಾಲಿಟ್ಟ ದಿನದಿಂದ ಎಲ್ಲಿ ನೋಡಿದರೂ ನೀವೇ. ಎದುರುಮನೆಯ ನೇಕಾರರ ರಂಗಮ್ಮ ಬಾಗಿಲಲ್ಲಿ ನಿಂತು "ಏಮಮ್ಮಾ, ಕೊತ್ತ ಕೋಡಲಾ?" ಎಂದು ತೆಲುಗಿನಲ್ಲಿ ಹೊಸ ಸೊಸೆಯನ್ನು ವಿಚಾರಿಸಿದವರು, ಮುಂದಿನ ಮಾತಿಗೇ ನಿಮ್ಮನ್ನು ನೆನೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಿಮ್ಮದೊಂದು ಫೋಟೋ ಕೂಡ ಮನೆಯಲ್ಲಿಲ್ಲ. ಇದ್ದಿದ್ದರೆ ಅದರ ಎದುರು ನಿಂತು ದಿನಕ್ಕೆರಡು ಸಲ ಜಗಳವಾಡಬಹುದಿತ್ತು. ಇರುವುದು ದೇವರ ಗೂಡಿನ ಪಕ್ಕದ ಗೂಟಕ್ಕೆ ನೇತು ಹಾಕಿದ ಆ ದಾರ. ಅದೇ ದಾರ. ಅದನ್ನು ಯಾರೂ ಮುಟ್ಟುವುದಿಲ್ಲ. ಮುದ್ದೆ ತಿರುವುವಾಗ ನಾನು ಅದನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದೆ. ಮುದ್ದೆಯಲ್ಲಿ ಗಂಟಾಗಲು ಅದೇ ಕಾರಣ, ನನ್ನ ಕೈಯಲ್ಲ.

ನಿಮ್ಮ ಮಗಳು ಗಿರಿಜೆಯ ವಿಷಯ ಹೇಳಬೇಕು. ಹದಿನಾರು ವರ್ಷದ ಹುಡುಗಿ, ನನಗಿಂತ ಎರಡೇ ವರ್ಷ ಚಿಕ್ಕವಳು. ಎಷ್ಟು ಆಸೆಯಿಂದ ಬಂದಿದ್ದೆ ಗೊತ್ತೆ, ಜಡೆ ಹಾಕಲು ಒಬ್ಬ ತಂಗಿ ಸಿಕ್ಕಳೆಂದು? ಅವಳು ನನ್ನೊಂದಿಗೆ ಮಾತಾಡಿದ್ದನ್ನೆಲ್ಲ ಸೇರಿಸಿದರೆ ಒಂದು ಪೋಸ್ಟ್ ಕಾರ್ಡ್ ತುಂಬುವುದಿಲ್ಲ.

"ಅತ್ತಿಗೆ, ಮುದ್ದೇಲಿ ಗಂಟು. ನಮ್ಮವ್ವ ಮಾಡಿದ ಮುದ್ದೆಯಾಗೆ ಮುಖ ನೋಡ್ಕಬೋದಿತ್ತು."

"ಅತ್ತಿಗೆ, ಹುರುಳಿ ಸಾರಿಗೆ ಯಾರಾದ್ರೂ ಸಕ್ಕರೆ ಹಾಕ್ತಾರಾ? ನಿಮ್ ಬೋರ್ಡಿಂಗ್‌ನಾಗೆ ಹಾಕ್ತಿದ್ರಾ?"

ಮಾವನವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಇರ್ಲಿ ಬುಡವ್ವ, ಕಲೀತಾಳೆ" ಅಂದರೆ, ಅವಳು ಗೂಟದ ಕಡೆ ಒಂದು ನೋಟ ಬೀರಿ ಒಳಗೆ ಹೋಗುತ್ತಿದ್ದಳು. ಅವ್ವ ಬೇಡವೆಂದವಳು ಅವ್ವನ ಜಾಗದಲ್ಲಿ ಕೂತಿದ್ದಾಳೆ ಎಂದು ಅವಳಿಗೆ ಉರಿ, ನಿಮ್ಮ ಪರವಾಗಿ ನನ್ನನ್ನು ಕಾಯುತ್ತಿದ್ದಾಳೆ ಎಂದುಕೊಂಡೆ. ಸತ್ತ ಮೇಲೂ ಒಬ್ಬ ಕಾವಲುಗಾರ್ತಿಯನ್ನು ಬಿಟ್ಟು ಹೋಗಿದ್ದೀರಲ್ಲ ಎಂದು ನಿಮ್ಮ ಮೇಲೆ ಇನ್ನಷ್ಟು…

ಇವರದು ಇನ್ನೊಂದು ವಿಚಿತ್ರ. ಎಲ್ಲದಕ್ಕೂ ನನ್ನ ಒಪ್ಪಿಗೆ ಕೇಳುತ್ತಾರೆ. ಜಗಲಿಯಲ್ಲಿ ನನ್ನ ಪಕ್ಕ ಮಾರು ಜಾಗ ಖಾಲಿಯಿದ್ದರೂ ನಿಂತೇ ಇರುತ್ತಾರೆ. "ಕೂತ್ಕೊಳ್ಳಲಾ?" ಕನಕಾಂಬರ ತಂದರೆ ಕೈಯಲ್ಲಿ ಹಿಡಿದುಕೊಂಡು, "ಮುಡಿಸಲಾ? ಬೇಡ ಅಂದ್ರೆ ಬೇಡ, ಬಲವಂತ ಇಲ್ಲ." ನಾನು ನಕ್ಕೂ ನಕ್ಕೂ ಸಾಕಾಗಿ, ನನ್ನ ಗಂಡನಂಥ ಮರ್ಯಾದಸ್ಥರು ಇಡೀ ಮೈಸೂರು ಸೀಮೆಯಲ್ಲೇ ಇಲ್ಲ ಎಂದು ಬೋರ್ಡಿಂಗಿನ ಗೆಳತಿಗೆ ನಾಲ್ಕು ಪುಟ ಬರೆದೆ. ಅದು ಮರ್ಯಾದೆ ಎಂದೇ ತಿಳಿದಿದ್ದೆ, ಅತ್ತೆ.

ಹೋದ ವಾರದ ಮಧ್ಯಾಹ್ನ ನಾವಿಬ್ಬರೂ ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತ ಕೂತಿದ್ದೆವು. ಎರಡು ಸೇರು ಸುಲಿಯುವಷ್ಟರಲ್ಲಿ ನನ್ನ ಹೆಬ್ಬೆರಳು ಬಾತು ಕೆಂಪಾಗಿತ್ತು. ಗಿರಿಜೆ ಅತ್ತ ತಿರುಗಿದಾಗ ಮೆಲ್ಲಗೆ ಒಂದು ಕಾಯನ್ನು ಹಲ್ಲಿನಲ್ಲಿ ಕಚ್ಚಿ ಒಡೆದೆ.

"ಅಯ್ಯಯ್ಯೋ, ಅತ್ತಿಗೆ! ಬಿತ್ನೆ ಬೀಜ ಎಂಜಲು ಮಾಡ್ತಾರಾ? ಹೊಲ ಪೂರ್ತಿ ನಿನ್ನೆಂಜಲೇ ಹುಟ್ತದೆ ನೋಡೀಗ!"

"ಹುಟ್ಟಲಿ ಬಿಡು. ಊರೆಲ್ಲ ನನ್ನ ಹಾಗೆ ಮುದ್ದೆಯಲ್ಲಿ ಗಂಟು ಮಾಡಲಿ."

ಅವಳು ನಕ್ಕಳು. ಮೂರು ತಿಂಗಳಲ್ಲಿ ಮೊದಲನೆಯ ಸಲ, ಬಾಯಿಗೆ ಸೆರಗು ಅಡ್ಡ ಹಿಡಿದು ಮೊರದ ಮೇಲೆ ಬಗ್ಗಿ ಬಗ್ಗಿ ನಕ್ಕಳು. ನಕ್ಕ ಮೇಲೆ ನನ್ನ ಬಾತ ಬೆರಳು ನೋಡಿದಳು. ಏನನ್ನೋ ಯೋಚಿಸಿ ಎದ್ದು ಹೋಗಿ, ಗೂಟದ ಮೇಲಿದ್ದ ದಾರ ತೆಗೆದುಕೊಂಡು ಬಂದಳು. ಯಾರೂ ಮುಟ್ಟದ ದಾರ!

"ಬಾ ಅತ್ತಿಗೆ, ಒಂದಾಟ ಆಡಾನ. ಬೆರಳು ಸಡ್ಲ ಆಯ್ತದೆ."

ನಾನು ನೆಲದ ಮೇಲೆ ಕೂತಿದ್ದೆನೋ ಅಟ್ಟದ ಮೇಲಿದ್ದೆನೋ ತಿಳಿಯದಷ್ಟು ಖುಷಿ. ತೊಟ್ಟಿಲು, ಮಂಚ, ಸಾಲು, ಗೋದಲಿ. ಅವಳ ಬೆರಳುಗಳೂ ನಿಮ್ಮವೇ, ಉದ್ದ, ಅವಸರವಿಲ್ಲದವು. ಮತ್ತೆ ಆ ಹಾಳು ಹುಮ್ಮಸ್ಸು ಬಂತು. ಎರಡು ಕಿರುಬೆರಳು, ನಡುವಿನ ಎರಡು ಎಳೆ, ಒಂದೇ ಎಳೆತ. ಸರ್ರನೆ ಬಿಚ್ಚಿ ಚಪ್ಪಾಳೆ ತಟ್ಟಿದೆ.

ಗಿರಿಜೆಯ ಮುಖದಲ್ಲಿ ನಗು ಆರಿಹೋಯಿತು.

"ನನ್ನೂ ಬ್ಯಾಡ ಅಂದ್ಬುಟ್ಯಾ?"

"ಏನು?"

"ಅವತ್ತು ನಮ್ಮವ್ವನ ಕೈಯಾಗಿಂದ ಕಿತ್ಕಂಡು ಬುಟ್ಟೆ. ಇವತ್ತು ನನ್ ಕೈಯಾಗಿಂದ. ಅಷ್ಟು ಬ್ಯಾಡವಾಗಿದ್ರೆ ಈ ಮನೀಗ್ ಯಾಕ್ ಬಂದೆ ಅತ್ತಿಗೆ?"

"ಗಿರಿಜಾ, ನಾನು ಗೆದ್ದೆ ಕಣೇ! ಗೆದ್ದವರು ಹೀಗೇ ಬಿಚ್ಚುವುದು."

"ಗೆಲ್ಲಾದಾ?" ಅವಳು ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. "ಇದ್ರಾಗೆ ಗೆಲ್ಲಾದು ಎಲ್ಲೈತೆ?"

ಆಮೇಲೆ ಅವಳು ಹೇಳಿದ್ದನ್ನು ನಿಮಗೆ ಹೇಳಬೇಕಾಗಿಲ್ಲ, ನಿಮಗೇ ಗೊತ್ತಿರುವುದು. ಆದರೂ ಹೇಳುತ್ತೇನೆ, ನನ್ನ ಬಾಯಲ್ಲಿ ಅದು ಹೇಗೆ ಕೇಳುತ್ತದೆಂದು ನಿಮಗೆ ಗೊತ್ತಾಗಲಿ. ನಿಮ್ಮ ತವರಿನ ಹೆಂಗಸರಲ್ಲಿ ಅಜ್ಜಿಯ ಕಾಲದಿಂದ ಬಂದ ಪದ್ಧತಿಯಂತೆ. ಹೆಣ್ಣು ನೋಡಲು ಹೋದಾಗ ಗಂಡಸರೆಲ್ಲ ಎದುರು ಕೂತಿರುತ್ತಾರೆ, ಹುಡುಗಿ ಬಾಯಿ ಬಿಟ್ಟು ಏನೂ ಹೇಳುವ ಹಾಗಿಲ್ಲ. ಅದಕ್ಕೆ ಗಂಡಿನ ತಾಯಿ ದಾರ ಕೊಡುತ್ತಾಳೆ. ಹುಡುಗಿ ತೆಗೆದುಕೊಂಡು ಮುಂದಕ್ಕೆ ಕೊಡುತ್ತ ಹೋದರೆ ಒಪ್ಪಿಗೆ. ಬಿಚ್ಚಿಬಿಟ್ಟರೆ ಬೇಡ. ಗಂಡಸರಿಗೆ ಅದು ಹೆಂಗಸರ ಆಟ, ಅಷ್ಟೇ. ಕೊರಟಗೆರೆಯಿಂದ ಬಂದ ಸಂಜೆ ನೀವು ಮಾವನವರಿಗೂ ಇವರಿಗೂ ಹುಡುಗಿಗೆ ಇಷ್ಟವಿಲ್ಲ ಎಂದಷ್ಟೇ ಹೇಳಿದಿರಂತೆ. ಗಿರಿಜೆಗೆ ಮಾತ್ರ ಪೂರ್ತಿ ಹೇಳಿದಿರಂತೆ. ಅವಳು ನಿಮ್ಮ ಮಾತನ್ನು ನಿಮ್ಮ ದನಿಯಲ್ಲೇ ಹೇಳಿ ತೋರಿಸಿದಳು.

"ನಗ್ತಾ ನಗ್ತಾ ಬುಟ್ಳು ಕಣೇ, ಎಂಥಾ ಗಟ್ಟಿಗಿತ್ತಿ! ಅವಳು ಒಲ್ಲೆ ಅಂದ್ಲು ಅಂತ ಗೊತ್ತಾದ್ರೆ ಅವಳಪ್ಪ ಹೊಡ್ದು ಬಡ್ದು ಒಪ್ಪಿಸ್ತಾನೆ. ಅದ್ಕೇ ನಮಗೇ ಬ್ಯಾಡ ಅಂತ ಹೇಳಿ ಕಳಿಸ್ತೀನಿ. ಕೆಟ್ಟ ಹೆಸ್ರು ನಮಗೇ ಬರ್ಲಿ. ಯಾರೂ ಎಲ್ಲೂ ಬಾಯ್ ಬುಡಬ್ಯಾಡಿ."

ಯಾರೂ ಬಾಯಿ ಬಿಡಲಿಲ್ಲ. ನಿಮ್ಮ ಮಾತು ನಡೆಸಿದರು. ಮಜ್ಜಿಗೆ ಚೆಲ್ಲಿದ ದಿನದ ಮೇಲೆ, ಇನ್ನೊಂದು ಸಲ ಕೇಳಿ ನೋಡೋಣ ಎಂದು ಇವರೇ ಮಾವನವರನ್ನು ಒಪ್ಪಿಸಿದರಂತೆ.

ಇದನ್ನು ಕೇಳಿ ನನ್ನ ಕೋಪ ಇಳಿಯಿತು, ಕಣ್ಣಲ್ಲಿ ನೀರು ಬಂತು, ನಿಮ್ಮ ದಾರವನ್ನು ಕಣ್ಣಿಗೊತ್ತಿಕೊಂಡೆ ಎಂದುಕೊಂಡಿರಾ? ಇಲ್ಲ. ನನಗೆ ಬಂದದ್ದು ಅವತ್ತಿನವರೆಗೆ ಬರದಿದ್ದ ಸಿಟ್ಟು. ಅಲ್ಲ ಅತ್ತೆ, ಆಟದೊಳಗೆ ಒಂದು ಪ್ರಶ್ನೆಯನ್ನು ಬಚ್ಚಿಟ್ಟು, ಅದು ಪ್ರಶ್ನೆಯೆಂದೇ ಹೇಳದೆ ಉತ್ತರ ತೆಗೆದುಕೊಂಡು ಹೋಗುವುದು ಯಾವ ನ್ಯಾಯ? ನಿಮ್ಮ ತವರಿನ ಆಟ ಇಡೀ ಭೂಮಿಗೆ ಗೊತ್ತಿರುತ್ತದೆಯೆ? ಕೊರಟಗೆರೆಯ ನಮ್ಮಮ್ಮ ಪಕ್ಕದಲ್ಲೇ ಕೂತಿದ್ದರಲ್ಲ, ಅವರಿಗೇ ತಿಳಿಯಲಿಲ್ಲ. ದಾರ ಬಿಚ್ಚಿದ ಮೇಲೆ ಕೈ ತೊಳೆಯಲು ಹಿತ್ತಿಲಿಗೆ ಬಂದಿರಿ, ಚೊಂಬು ಹಿಡಿದು ನೀರು ಹಾಕಿದವಳು ನಾನೇ. ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಕಿವಿಯಲ್ಲಿ ಒಂದೇ ಒಂದು ಮಾತು, "ಇಷ್ಟ ಇಲ್ವೇನಮ್ಮ?" ಎಂದು ಕೇಳಿದ್ದರೆ ನಿಮ್ಮ ನಾಲಿಗೆ ಸವೆಯುತ್ತಿತ್ತೆ? ಕೈಗಳನ್ನು ಅಷ್ಟೊಂದು ನಂಬಿದವರು ಬಾಯಿಯನ್ನು ಒಂದು ಸಲ ನಂಬಬಾರದಿತ್ತೆ?

ಇನ್ನೊಂದನ್ನು ನಾನು ಕ್ಷಮಿಸುವುದೇ ಇಲ್ಲ. ನಮ್ಮಪ್ಪ ಹೊಡೆಯುವವರು ಎಂದು ಯಾರು ಹೇಳಿದರು ನಿಮಗೆ? ಎಂಟು ವರ್ಷದ ಮಗಳು ಬೋರ್ಡಿಂಗಿನ ಗೇಟಿನಲ್ಲಿ ಅತ್ತಳೆಂದು ಹೊರಗಿನ ಹುಣಸೆಮರದ ಕೆಳಗೆ ಮೂರು ದಿನ ಬುತ್ತಿ ತಿಂದುಕೊಂಡು ಕೂತ ಮನುಷ್ಯ ಅವರು. ನನ್ನ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಅವರ ಕೇಸರಿಬಾತು ತಿನ್ನುತ್ತ ನೀವು ಅವರನ್ನು ಕಟುಕನನ್ನಾಗಿ ಮಾಡಿದಿರಿ. ನೀವು ಅವರಿಂದ ನನ್ನನ್ನು ಕಾಪಾಡಲು ಕಳಿಸಿದ ಆ ಎರಡು ಸಾಲು ಇದೆಯಲ್ಲ, ಅವರು ಬಾಗಿಲು ಮುಚ್ಚಿಕೊಂಡು ಕೂತದ್ದು ಅದಕ್ಕೇ.

ಹೀಗೆ ಬೈಯುತ್ತ ಬೈಯುತ್ತ ಬರುವಾಗ ಒಂದು ಕಡೆ ಬಂದು ನಿಂತುಬಿಡುತ್ತೇನೆ. ನಿಮ್ಮ ಮುಖಕ್ಕೇ ನಕ್ಕು ನಿಮ್ಮ ಮಗನನ್ನು ಬೇಡವೆಂದಳು ಎಂದು ನೀವು ತಿಳಿದ ಹುಡುಗಿ, ಗುರುತಿಲ್ಲದವಳು, ಅವಳಿಗೆ ಏಟು ಬೀಳಬಾರದೆಂದು ಕೆಟ್ಟ ಹೆಸರನ್ನು ನಿಮ್ಮ ತಲೆಗೆ ಕಟ್ಟಿಕೊಂಡಿರಿ. ಎರಡು ವರ್ಷ ನಾನು ಆ ತಲೆಗೇ ಶಾಪ ಹಾಕಿದೆ. ಯಾರು ಮಾಡು ಅಂದರು ನಿಮಗೆ ಇಷ್ಟು ದೊಡ್ಡತನವನ್ನು? ಈಗ ನಾನು ನನ್ನ ಸಿಟ್ಟನ್ನು ಎಲ್ಲಿ ಇಡಲಿ? ನೀವು ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು…

ಅವತ್ತು ಸಂಜೆ ದೀಪ ಹಚ್ಚುವ ಮೊದಲು ಇವರು ಬಂದರು.‌ ಎಲಚಿ ಹಣ್ಣು ಮೊರದಲ್ಲಿಟ್ಟರು. ನಾನು ಜಗಲಿಯಲ್ಲಿದ್ದೆ. ಎಂದಿನಂತೆ ನಿಂತುಕೊಂಡೇ, "ಕೂತ್ಕೊಳ್ಳಲಾ?" ಅಂದರು. ಮೂರು ತಿಂಗಳಿನ ಒಂದೊಂದು 'ಬಲವಂತ ಇಲ್ಲ' ಆಗ ನನಗೆ ಕೇಳಿಸಿತು. ಒಂದು ಸಲ ತಮ್ಮನ್ನು ಒಲ್ಲೆ ಎಂದವಳ ಜೊತೆ ಮಾತಾಡುತ್ತಿದ್ದರು ಅವರು, ಅತ್ತೆ. ಇಷ್ಟು ದಿನವೂ. ನಾನು ಬೆರಳಿಗೆ ದಾರ ಸುತ್ತಿ ತೊಟ್ಟಿಲು ಕಟ್ಟಿ ಅವರ ಮುಂದೆ ಹಿಡಿದೆ.

"ಇದು ಹೆಂಗಸ್ರ ಆಟ. ನಂಗೆ ಬರಲ್ಲ."

"ಹಿಡೀರಿ."

ಹಿಡಿದರು. ಎಂಥ ಹಿಡಿತ! ಮಂಚದ ಬದಲು ಒಂದು ಹಕ್ಕಿಗೂಡು ಆಯಿತು. ಬಾಗಿಲ ಹಿಂದಿನಿಂದ ಗಿರಿಜೆ ತಡೆಯಲಾರದೆ ಕೂಗಿದಳು, "ಅಣ್ಣಾ, ಸರಪಳಿ ಎಳದಂಗೆ ಎಳೀಬ್ಯಾಡ್ವೋ! ಕಿರುಬೆರಳು ಕಣೋ, ಕಿರುಬೆರಳು!" ಮೂರನೆಯ ಸಲಕ್ಕೆ ಸಾಲಿನವರೆಗೆ ಬಂದರು. ನಾಲ್ಕು ಎಳೆ ನಮ್ಮ ನಡುವೆ ನೆಟ್ಟಗೆ ನಿಂತಿದ್ದವು.

"ಅವತ್ತು ನಾನು ಬೇಡ ಅಂದಿರಲಿಲ್ಲ" ಅಂದೆ.

"ಮತ್ತೆ?"

"ನಮ್ಮ ಶಾಲೆಯಲ್ಲಿ ಗೆದ್ದವರು ಬಿಚ್ಚುತ್ತಾರೆ. ನಾನು ಗೆದ್ದೆ ಅಂತ ಬಿಚ್ಚಿದೆ. ನಿಮ್ಮ ತಾಯಿ ಅದನ್ನೇ ಬೇಡ ಅಂದುಕೊಂಡರು."

"ಹಂಗಾದ್ರೆ ನಾನು ಇಷ್ಟು ದಿನ…" ಎಂದು ನಿಲ್ಲಿಸಿದರು. ಕಿವಿ ಕೆಂಪಾಯಿತು. ಎರಡು ಕೈಯಲ್ಲೂ ದಾರವಿತ್ತು, ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ಹಾಗೇ, ದಾರ ಬಿಡದೆ, ನನ್ನ ಪಕ್ಕ ಕೂತರು. ಕೇಳದೆ ಕೂತರು, ಅತ್ತೆ. ಮೊದಲನೆಯ ಸಲ.

ಬರುವ ಸೋಮವಾರ ಗಿರಿಜೆಯನ್ನು ನೋಡಲು ಮಡಕಶಿರಾ ಕಡೆಯಿಂದ ಬರುತ್ತಾರೆ. ಅವರಿಗೆ ಈ ದಾರದ ಸಂಗತಿ ಏನೂ ಗೊತ್ತಿಲ್ಲ. "ಅವ್ವ ಇಲ್ವಲ್ಲ, ನೀನೇ ದಾರ ಹಿಡಿ ಅತ್ತಿಗೆ" ಎಂದು ನಿಮ್ಮ ಮಗಳು ನನ್ನನ್ನು ಕೇಳಿದ್ದಾಳೆ. ಹಿಡಿಯುತ್ತೇನೆ. ಅವರೆಲ್ಲರ ಎದುರಿಗೇ ಹಿಡಿಯುತ್ತೇನೆ. ಆದರೆ ನಿಮ್ಮ ಹಾಗೆ ಅಲ್ಲ. ಆಟ ಮುಗಿದ ಮೇಲೆ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಗಲ್ಲ ಹಿಡಿದು, ಬಾಯಿ ಬಿಟ್ಟು ಕೇಳುತ್ತೇನೆ. ಅವಳು ಬಾಯಿ ಬಿಟ್ಟು ಹೇಳುವವರೆಗೂ ಅಲ್ಲಿಂದ ಕದಲುವುದಿಲ್ಲ. ಬೇಡ ಅಂದರೆ, ನಮಗೇ ಬೇಡ ಎಂದು ಯಾರ ಮರೆಯಲ್ಲೂ ಅಡಗುವುದಿಲ್ಲ. ಹುಡುಗಿಗೆ ಇಷ್ಟವಿಲ್ಲ ಎಂದೇ ಜಗಲಿಗೆ ಬಂದು ಹೇಳುತ್ತೇನೆ. ಮಾವನವರು ಸಿಡುಕಿದರೆ ಸಿಡುಕಲಿ. ಇದು ನಿಮ್ಮ ಮೇಲಿನ ಜಿದ್ದಿಗೆ ಮಾಡುವ ಕೆಲಸವೆಂದೇ ತಿಳಿದುಕೊಳ್ಳಿ.

ದಾರ ಈಗ ಗೂಟದ ಮೇಲಿರುವುದಿಲ್ಲ. ಅಡಿಗೆ ಮಾಡುವ ಕೈಯಲ್ಲೇ ಆಡಿ ಆಡಿ ಅರಿಸಿನ ಹತ್ತಿ ಹಳದಿಯಾಗಿದೆ. ನೀವಿದ್ದಿದ್ದರೆ ಬೈಯುತ್ತಿದ್ದಿರೇನೋ. ಬೈಯಲು ಇರಬೇಕಿತ್ತು.

ಕೊನೆಗೆ, ನೀವು ಕೇಳದೆ ಹೋದ ಸುದ್ದಿ. ಅವತ್ತು ದಾರ ಬಿಚ್ಚಿದ ಮೇಲೆ ಅಷ್ಟು ಹೊತ್ತು ನನ್ನ ಮುಖದಲ್ಲಿ ಹುಡುಕಿದಿರಲ್ಲ, ಅದಕ್ಕೆ ಉತ್ತರ. ಒಪ್ಪಿದ್ದೆ, ಅತ್ತೆ. ದಾರ ಬಿಚ್ಚುವ ಮೊದಲೇ ಒಪ್ಪಿದ್ದೆ. ನಿಮ್ಮ ಮಗನನ್ನು ಕೆಂಪು ಕಿವಿಗೆ ಒಪ್ಪಿದ್ದೆ, ನಿಮ್ಮನ್ನು ಚೀಲದಿಂದ ದಾರ ತೆಗೆದ ಕ್ಷಣಕ್ಕೇ ಒಪ್ಪಿದ್ದೆ. ನೀವು ಕೇಳಲಿಲ್ಲ.

ನಿಮ್ಮ ಸೊಸೆ,
ಸರ್ವಮಂಗಳಾ